ಹಳೇ ಕಂಪ್ಯೂಟರ್‌ಗೆ ಹೊಸ ವೋಲ್ಟೇಜು

"ಹೊಸ ಕಂಪ್ಯೂಟರ್ ತರೋದು ಯಾರು ಬೇಕಾದ್ರೂ ಮಾಡೋ ಕೆಲಸ. ಹಳೇದರ ಒಳಗಿರೋ ಹೊಸದನ್ನ ಹೊರಗೆ ತೆಗೀತೀನಿ ನೋಡು. ಅದು ಗಂಡಸಿನ ಕೆಲಸ!"

ಹೀಗಂತ ನಾನು ಘೋಷಣೆ ಹೊರಡಿಸಿದ್ದು ಒಂದು ಶನಿವಾರ ಬೆಳಿಗ್ಗೆ, ಹೊನ್ನಾಳಿಯ ನಮ್ಮ ಮನೆಯ ನಡುಮನೆಯಲ್ಲಿ, ಸ್ಕ್ರೂಡ್ರೈವರನ್ನು ಗದೆಯ ಹಾಗೆ ಹೆಗಲಿಗಿಟ್ಟುಕೊಂಡು. ಕೇಳೋಕೆ ಜನಸಾಗರವೇನೂ ಸೇರಿರಲಿಲ್ಲ. ಅಕ್ಕಿ ಆರಿಸುತ್ತಿದ್ದ ನಮ್ಮವ್ವ ಉಚ್ಚಂಗೆಮ್ಮ ತಲೆಯನ್ನೇ ಎತ್ತಲಿಲ್ಲ. ಹೆಂಡತಿ ನೇತ್ರಾವತಿ ಎತ್ತಿದಳು. ಆದರೆ ನೋಡಿದ್ದು ನನ್ನನ್ನಲ್ಲ, ಸ್ಕ್ರೂಡ್ರೈವರನ್ನು.

"ಅದನ್ನ ಕೆಳಗಿಡ್ರಿ," ಅಂದಳು. "ಹೋದ್ಸಲ ಅದು ನಿಮ್ಮ ಕೈಗೆ ಬಂದಾಗ ಮಿಕ್ಸಿ ಹೋತು."

"ಮಿಕ್ಸಿ ಬೇರೆ, ಇದು ಬೇರೆ! ಇದು ವೋಲ್ಟೇಜ್ ವಿಷಯ. ಇಷ್ಟು ವರ್ಷದಿಂದ ಕರೆಂಟ್ ಆಫೀಸ್‌ನಲ್ಲಿ ಕೂತಿರೋನಿಗೆ ವೋಲ್ಟೇಜ್ ಹೇಳ್ಕೊಡ್ತೀಯಾ?"

"ಕೂತಿರೋದು ಬಿಲ್ ಸೆಕ್ಷನ್ನಾಗೆ."

ನಾನು ಕೇಳಿಸದವನಂತೆ ಕಂಪ್ಯೂಟರಿನ ಪಕ್ಕದ ಬಾಗಿಲು ಬಿಚ್ಚಿದೆ.

ಮೊದಲು ವಿಷಯ ಏನು ಅಂತ ಹೇಳಿಬಿಡುತ್ತೇನೆ. ನೇತ್ರಾವತಿ ಲಗ್ನದ ವಿಡಿಯೋಗಳನ್ನು ಎಡಿಟ್ ಮಾಡುತ್ತಾಳೆ. ಬಸ್ ಸ್ಟ್ಯಾಂಡ್ ಹತ್ತಿರ ಸ್ಟುಡಿಯೋ ಇಟ್ಟಿರುವ ಸಿದ್ದೇಶ ಶೂಟಿಂಗ್ ಮಾಡಿ ತಂದು ಕೊಟ್ಟರೆ, ಇವಳು ಮನೆಯಲ್ಲೇ ಕೂತು ಆಕಳಿಸುವವರನ್ನು ಕತ್ತರಿಸಿ, ಅಳುವವರನ್ನು ಉಳಿಸಿ, ಹಾಡು ಹಾಕಿ, ಒಂದು ಸಾಧಾರಣ ಲಗ್ನವನ್ನು ನೋಡುವಂಥ ಲಗ್ನ ಮಾಡಿಕೊಡುತ್ತಾಳೆ. ಅವಳು ಕತ್ತರಿ ಆಡಿಸಿದ ಮೇಲೆ ಎಂಥ ಜಗಳದ ಬೀಗರೂ ಅನ್ಯೋನ್ಯವಾಗಿ ಕಾಣುತ್ತಾರೆ. ಅಷ್ಟು ಕೈಚಳಕ.

ಈ ಸಲದ್ದು ಸಾಸ್ವೆಹಳ್ಳಿಯ ರವಿಕುಮಾರ್ ಅನ್ನುವ ಹುಡುಗನ ಲಗ್ನ. ಮಾರನೇ ದಿನ, ಭಾನುವಾರ ಮಧ್ಯಾಹ್ನ, ಬೀಗರೂಟ. ಅಲ್ಲಿ ದೊಡ್ಡ ಪರದೆ ಕಟ್ಟಿ ಎಲ್ಲರಿಗೂ ವಿಡಿಯೋ ತೋರಿಸಬೇಕು ಅಂತ ಗಂಡಿನ ಕಡೆಯವರ ಆಸೆ. ಎಡಿಟಿಂಗ್ ಎಲ್ಲ ಮುಗಿದಿತ್ತು. ಉಳಿದದ್ದು ರೆಂಡರಿಂಗ್ ಮಾತ್ರ. ಅಂದರೆ ಕತ್ತರಿಸಿಟ್ಟ ತರಕಾರಿಯನ್ನೆಲ್ಲ ಒಟ್ಟು ಬೇಯಿಸಿ ಸಾರು ಮಾಡಿದ ಹಾಗೆ, ಕಂಪ್ಯೂಟರು ತುಣುಕುಗಳನ್ನೆಲ್ಲ ಸೇರಿಸಿ ಒಂದು ವಿಡಿಯೋ ಮಾಡಿ ಕೊಡಬೇಕು. ನಮ್ಮ ಕಂಪ್ಯೂಟರಿನ ಒಲೆಯೋ, ನಮ್ಮ ಲಗ್ನದ ಕಾಲದ್ದು. 'ನಾಳೆ ಸಂಜೆ ಮುಗಿಯುತ್ತೆ' ಅಂತ ತೋರಿಸುತ್ತಿತ್ತು. ಅಷ್ಟೊತ್ತಿಗೆ ಬೀಗರು ಉಂಡು, ಎಲೆ ಅಡಿಕೆ ಹಾಕಿಕೊಂಡು, ಊರು ಸೇರಿರುತ್ತಾರೆ. ಸಿದ್ದೇಶನ ಅಂಗಡಿಯ ಕಂಪ್ಯೂಟರಿನಲ್ಲಿ ಚನ್ನಗಿರಿ ಕಡೆಯ ಲಗ್ನಗಳು ಆಗಲೇ ಬೇಯುತ್ತಿದ್ದವು.

ನೇತ್ರಾವತಿ ಗಾಬರಿಯಾಗಿರಲಿಲ್ಲ. "ಕ್ವಾಲಿಟಿ ಒಂಚೂರು ಇಳಿಸಿದ್ರೆ ಬೆಳಿಗ್ಗೆಗೆ ಆಗ್ತೈತೆ. ಯಾರಿಗೂ ಗೊತ್ತಾಗಲ್ಲ," ಅಂದಳು.

ಇಳಿಸುವುದಾ! ಏರಿಸುವುದಕ್ಕೆ ನಾನು ಇರುವಾಗ!

ಎರಡು ದಿನದ ಹಿಂದೆ ಮೊಬೈಲಿನಲ್ಲಿ ಓವರ್‌ಕ್ಲಾಕಿಂಗ್ ಬಗ್ಗೆ ಒಂದು ವಿಡಿಯೋ ನೋಡಿದ್ದೆ. ಯಾರೋ ಕನ್ನಡಕದ ಹುಡುಗ. ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್‌ಗೆ ಕಂಪನಿಯವರು ಇಷ್ಟೇ ಓಡು ಅಂತ ಒಂದು ವೇಗ ಕಟ್ಟಿರುತ್ತಾರಂತೆ. ನಾವು ಆ ವೇಗ ಏರಿಸಬಹುದಂತೆ. ಎತ್ತಿಗೆ ಜೋರಾಗಿ ಓಡು ಅಂದಮೇಲೆ ಹಿಂಡಿ ಜಾಸ್ತಿ ಹಾಕಬೇಕಲ್ಲ, ಹಾಗೆ ವೇಗ ಏರಿಸಿದರೆ ವೋಲ್ಟೇಜನ್ನೂ ಏರಿಸಬೇಕಂತೆ. ಆದರೆ ವೋಲ್ಟೇಜು ಏರಿದ ಹಾಗೆ ಕಾವು ಏರುತ್ತದಂತೆ. ಆದ್ದರಿಂದ ಚೂರುಚೂರೇ ಏರಿಸಿ, ಪ್ರತಿ ಸಲವೂ ಚೆನ್ನಾಗಿ ದುಡಿಸಿ ಪರೀಕ್ಷೆ ಮಾಡಿ, ಕಾವಿನ ಮೇಲೆ ಕಣ್ಣಿಡಿ, ಅದರಲ್ಲೂ ಹಳೇ ಕಂಪ್ಯೂಟರ್ ಆದರೆ ಇನ್ನೂ ಹುಷಾರು ಅಂತ ಅವನು ಬೇಡಿಕೊಂಡಿದ್ದ. ನಾನು ವಿಡಿಯೋವನ್ನು ಎರಡರಷ್ಟು ಸ್ಪೀಡಿನಲ್ಲಿ ಓಡಿಸಿಕೊಂಡು ನೋಡಿದ್ದರಿಂದ ಅವನ ಬುದ್ಧಿಮಾತು ನನಗೆ ಅರ್ಧವೇ ದಕ್ಕಿತ್ತು. 'ಏರಿಸಿ' ಅನ್ನುವ ಅರ್ಧ.

"ಓವರ್‌ಕ್ಲಾಕ್ ಅಂದ್ರೆ ಏನೋ ತಿಮ್ಮೇಶ?" ಅವ್ವ ಕೇಳಿದಳು.

"ಒಳಗೊಂದು ಗಡಿಯಾರ ಇರ್ತೈತವ್ವ. ಅದನ್ನ ಜೋರಾಗಿ ಓಡಿಸೋದು."

"ಗಡಿಯಾರ ಜೋರಾಗಿ ಓಡಿದ್ರೆ ಟೈಮ್ ತಪ್ಪು ತೋರಿಸ್ತೈತಲ್ಲೋ?"

ನಿರಕ್ಷರಿ ಮುದುಕಿಗೆ ವಿಜ್ಞಾನ ಏನು ತಿಳಿಯಬೇಕು ಅಂತ ಕನಿಕರದಿಂದ ನಕ್ಕೆ. ಆ ನಗು ಎಷ್ಟು ದುಬಾರಿಯಾಯಿತು ಅಂತ ಮುಂದೆ ಗೊತ್ತಾಗುತ್ತದೆ.

"ಈಗ ನಾನು ಬಯೋಸ್ ಒಳಗೆ ಹೋಗ್ತೀನಿ," ಅಂದೆ ಗಂಭೀರವಾಗಿ. ಕಂಪ್ಯೂಟರ್ ಆನ್ ಆಗುವಾಗ ಒಂದು ಬಟನ್ ಒತ್ತಿ ಹಿಡಿದರೆ ಬರುವ ನೀಲಿ ಪರದೆ ಅದು. ಸಕಲ ಸೆಟ್ಟಿಂಗುಗಳ ಗರ್ಭಗುಡಿ.

"ಬೈಸ್ಕಳಾಕೆ ಅಷ್ಟು ಒಳಗೆ ಯಾಕ್ರೀ ಹೋಗ್ತೀರಿ?" ನೇತ್ರಾವತಿ ಅಂದಳು. "ಇಲ್ಲೇ ಕೂತ್ಕಳ್ರಿ, ನಾನೇ ಬೈತೀನಿ."

ಹೋದೆ. ವೇಗ ಅಂತ ಬರೆದ ಕಡೆ ಒಂದೊಂದೇ ಮೆಟ್ಟಿಲು ಹತ್ತಬೇಕಿತ್ತು. ನಾನು ಏಣಿಯನ್ನೇ ಹಾರಿದೆ. ಸೇವ್ ಮಾಡಿ ಹೊರಗೆ ಬಂದೆ. ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು. ಒಳಗಿಂದ 'ಕುಂಯ್' ಅಂತ ಒಂದು ಸದ್ದು, ನಾಯಿಮರಿಯ ಬಾಲ ತುಳಿದ ಹಾಗೆ.

"ಏನಾತು?"

"ಯೋಚನೆ ಮಾಡ್ತಾ ಐತೆ."

"ಏನಂತೆ?"

"ನಿನ್ನ ಹಂಗೆ ಎಲ್ಲಾದಕ್ಕೂ ತಟ್ ಅಂತ ಬಾಯಿ ಬಿಡಲ್ಲ ಅದು!"

ಅದು ಬಾಯಿ ಬಿಡಲೇ ಇಲ್ಲ. ಸ್ವಿಚ್ ಆರಿಸಿ ಹಾಕಿದೆ, ತಟ್ಟಿದೆ, ಮನಸ್ಸಿನಲ್ಲೇ ಮನೆದೇವರಿಗೆ ಕಾಯಿ ಒಪ್ಪಿಸುತ್ತೇನೆ ಅಂದೆ. ಕೊನೆಗೆ ಕನ್ನಡಕದ ಹುಡುಗ ಹೇಳಿದ್ದು ನೆನಪಾಯಿತು. ಒಳಗಡೆ ಬೋರ್ಡಿನ ಮೇಲೆ ದುಂಡನೆಯ ಸಣ್ಣ ಬ್ಯಾಟರಿ ಇರುತ್ತದೆ, ಕರೆಂಟ್ ತೆಗೆದು ಅದನ್ನು ಕಿತ್ತು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ, ನಾವು ಮಾಡಿದ ಘನಕಾರ್ಯವನ್ನೆಲ್ಲ ಕಂಪ್ಯೂಟರು ಮರೆತು ಮೊದಲಿನಂತೆ ಆಗುತ್ತದೆ. ಹಾಗೇ ಮಾಡಿದೆ. ಬದುಕಿತು!

"ಆ ಬಿಲ್ಲೆ ತೆಗೆದ್ರೆ ಎಲ್ಲ ಮರ್ತು ಬಿಡ್ತೈತಾ?" ನೇತ್ರಾವತಿ ಆಸೆಯಿಂದ ನೋಡಿದಳು. "ಅಂಥದ್ದೊಂದು ನಿಮ್ಮ ತಲೇಲೂ ಐತೇನೋ ನೋಡ್ಕಳ್ರಿ. ಓವರ್‌ಕ್ಲಾಕ್ ಅನ್ನೋದೇ ಮರ್ತು ಹೋಗ್ಲಿ."

ನಾನು ಮರೆಯುವ ಪೈಕಿಯೇ! ಸೋತದ್ದು ಯಾಕೆ ಅಂತ ಹೊಳೆದಿತ್ತು. ವೇಗ ಏರಿಸಿದ್ದೆ, ವೋಲ್ಟೇಜು ಏರಿಸಿರಲಿಲ್ಲ. ಹಿಂಡಿ ಹಾಕದೆ ಎತ್ತು ಓಡಿಸಿದ ಪಾಪ! ಈ ಸಲ ಧಾರಾಳವಾಗಿ ಕೊಟ್ಟೆ. ಕರೆಂಟ್ ಆಫೀಸಿನವನ ಮನೆಯಲ್ಲೇ ವೋಲ್ಟೇಜಿಗೆ ಬರವೇ? ಆ ಸಂಖ್ಯೆ ಮೊದಲು ಬಿಳಿಯ ಬಣ್ಣದಲ್ಲಿತ್ತು. ಏರಿಸಿದಂತೆ ಹಳದಿಯಾಯಿತು. ಇನ್ನೂ ಏರಿಸಿದೆ, ಕೆಂಪಾಯಿತು. ಕೆಂಪು ಮಂಗಳಕರ ಅಂದುಕೊಂಡೆ.

ಕಂಪ್ಯೂಟರ್ ಎದ್ದಿತು ನೋಡಿ! ಆಹಾ! ಪರದೆಯ ಮೇಲೆ ಕಿಟಕಿಗಳು ಪಟಪಟ ತೆರೆದವು. ಆದರೆ ಒಳಗಿನ ಫ್ಯಾನು ಗಿರಣಿ ಶುರುವಾದ ಹಾಗೆ ಕಿರುಚತೊಡಗಿತು. ಕಾವು ತೋರಿಸುವ ಅಂಕಿ ಆಟೋ ಮೀಟರಿನ ಹಾಗೆ ಓಡಿತು. ಬಿಸಿನೀರಿನ ಹದ ದಾಟಿತು, ಚಹಾದ ಹದ ದಾಟಿತು, ಅನ್ನ ಬೇಯುವ ಹದಕ್ಕೆ ಬರುವಷ್ಟರಲ್ಲಿ ಟಪ್ ಅಂತ ಎಲ್ಲ ಆರಿತು.

"ಯೋಚನೆ ಮಾಡ್ತಾ ಐತಾ?" ನೇತ್ರಾವತಿ ವಿಚಾರಿಸಿದಳು.

ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿದೆ. ಅದರ ಸಂದಿಯಲ್ಲಿ ಧೂಳು ಕಂಬಳಿಯಾಗಿ ಹೆಣೆದುಕೊಂಡಿತ್ತು. ಕಂಪ್ಯೂಟರು ಇಷ್ಟು ವರ್ಷ ಕಂಬಳಿ ಹೊದ್ದು ದುಡಿದಿದೆ! ಪ್ರೊಸೆಸರಿಗೂ ಫ್ಯಾನಿನ ತಳಕ್ಕೂ ನಡುವೆ ಕಾವು ದಾಟಿಸಲು ಒಂದು ಪೇಸ್ಟ್ ಹಚ್ಚಿರುತ್ತಾರೆ. ಅದು ಒಣಗಿ ಸುಣ್ಣದ ಹಕ್ಕಳೆಯಾಗಿತ್ತು. ಕೆರೆದು ತೆಗೆದೆ. ತೆಗೆದ ಮೇಲೆ ಹೊಸದು ಹಚ್ಚಬೇಕಲ್ಲ!

"ಪೇಸ್ಟ್ ಇಲ್ಲದೆ ಆಗಲ್ಲ. ದಾವಣಗೆರೆಗೆ ಹೋಗ್ಬೇಕೇನೋ," ಅಂತ ಗೊಣಗಿದೆ.

"ಪೇಸ್ಟಿಗೆ ದಾವಣಗೆರೆ ಯಾಕೋ? ಬಚ್ಚಲಾಗೆ ಐತಲ್ಲ," ಅಂದಳು ಅವ್ವ.

ನಗಬೇಡಿ. ಹಲ್ಲುಜ್ಜುವ ಪೇಸ್ಟನ್ನೂ ತುರ್ತಿಗೆ ಹಚ್ಚಬಹುದು ಅಂತ ಆ ವಿಡಿಯೋ ಕೆಳಗೆ ಯಾರೋ ಬರೆದಿದ್ದರು. ಆ ಮಹಾನುಭಾವ ನನ್ನಂಥವನೇ ಇರಬೇಕು ಅನ್ನುವ ಅನುಮಾನ ನನಗೆ ಆಗ ಬರಲಿಲ್ಲ. ಲವಂಗದ ಪೇಸ್ಟು ಕಡಲೆಕಾಳಿನಷ್ಟು ಹಾಕಿ, ಫ್ಯಾನ್ ಕೂರಿಸಿ, ಬಿಗಿದೆ. ಟೇಬಲ್ ಫ್ಯಾನ್ ತಂದು ಕಂಪ್ಯೂಟರಿನ ತೆರೆದ ಹೊಟ್ಟೆಗೆ ಹಿಡಿದೆ. ಇನ್ನು ವೋಲ್ಟೇಜು. ಜಾಸ್ತಿಯಾದರೆ ಕಾಯುತ್ತದೆ, ಕಮ್ಮಿಯಾದರೆ ಏಳುವುದಿಲ್ಲ. ಸರಿ, ಎದ್ದು ನಿಲ್ಲುವಷ್ಟು ಕೊಟ್ಟರಾಯಿತು ಅಂತ ಇಳಿಸುತ್ತಾ ಬಂದೆ. ಒಂದು ಕಡೆ ಎದ್ದಿತು. ಆರಲಿಲ್ಲ. ಅಲ್ಲೇ ನಿಲ್ಲಿಸಿದೆ.

ಎದ್ದು ನಿಲ್ಲುವುದು ಬೇರೆ, ಮೂಟೆ ಹೊತ್ತು ನಡೆಯುವುದು ಬೇರೆ ಅಂತ ಆ ಹುಡುಗ ಹೇಳಿದ್ದ. 'ಗಂಟೆಗಟ್ಟಲೆ ಪರೀಕ್ಷೆ ಮಾಡಿ, ಆಮೇಲೆ ಕೆಲಸಕ್ಕೆ ಹಚ್ಚಿ' ಅಂದಿದ್ದ. ಪರೀಕ್ಷೆ! ಎಸ್ಸೆಸ್ಸೆಲ್ಸಿ ಮುಗಿದ ದಿನವೇ ನಾನು ಆ ಪದಕ್ಕೆ ಎಳ್ಳುನೀರು ಬಿಟ್ಟಿದ್ದೇನೆ. ನೇರವಾಗಿ ಲಗ್ನವನ್ನೇ ಬೇಯಲು ಇಟ್ಟೆ.

ಪರದೆ ಹೇಳಿತು: ನಾಳೆ ಬೆಳಿಗ್ಗೆ ಮುಗಿಯುತ್ತದೆ!

ನೇತ್ರಾವತಿ ಒಮ್ಮೆ ಪರದೆ ನೋಡಿದಳು, ಒಮ್ಮೆ ನನ್ನನ್ನು. "ಪರವಾಗಿಲ್ವೇ!" ಅಂದಳು. ಆ ಐದು ಅಕ್ಷರ ಸಾಕಾಯಿತು. ಸಂಜೆ ಮಂಡಕ್ಕಿ ಮೆಣಸಿನಕಾಯಿ ಮಾಡಿಕೊಟ್ಟಳು. ನಾನು ಸಿದ್ದೇಶನಿಗೆ ಫೋನ್ ಮಾಡಿ, ಬೇಕಿದ್ದರೆ ನಿನ್ನ ಅಂಗಡಿಯ ಕಂಪ್ಯೂಟರಿಗೂ ಜೀವ ಕೊಡುತ್ತೇನೆ ಅಂತ ಔದಾರ್ಯ ತೋರಿದೆ. ಅವ್ವ ಮಾತ್ರ ಮೊರದಿಂದ ಗಾಳಿ ಬೀಸಿಕೊಳ್ಳುತ್ತಾ, "ಇದ್ದ ಒಂದು ಫ್ಯಾನೂ ಅದಕ್ಕೇ ಹಾಕಿದ್ನಲ್ಲೇ. ಹೆತ್ತ ತಾಯಿಗಿಂತ ಅದೇ ಹೆಚ್ಚಾತು," ಅಂತ ಸೊಸೆಗೆ ದೂರು ಕೊಡುತ್ತಿದ್ದಳು. ಮನೆ ತುಂಬ ಲವಂಗದ ಘಮ.

ಭಾನುವಾರ ಬೆಳಿಗ್ಗೆ ವಿಡಿಯೋ ತಯಾರು. ನೇತ್ರಾವತಿ ಅಂದಳು, "ಒಂದ್ಸಲ ಪೂರ್ತಿ ನೋಡ್ಬೇಕು ಕಣ್ರೀ. ನಾನು ನೋಡ್ದೆ ಯಾವತ್ತೂ ಕೊಟ್ಟಿಲ್ಲ."

"ಪೂರ್ತಿ ನೋಡ್ತಾ ಕೂತ್ರೆ ಊಟ ಮುಗಿದು ಎಲೆ ಎತ್ತಿರ್ತಾರೆ. ಮೊದಲು ನೋಡು, ಕೊನೆ ನೋಡು, ಸಾಕು."

ಮೊದಲು ಚೆನ್ನಾಗಿತ್ತು. ಕೊನೆಯೂ ಚೆನ್ನಾಗಿತ್ತು. ಕೆಟ್ಟ ಗಂಡಂದಿರ ಹಾಗೆ ವಿಡಿಯೋಗಳೂ ನಡುವೆಯೇ ಕೆಡುತ್ತವೆ ಅಂತ ನಮಗೆ ಹೇಗೆ ತಿಳಿಯಬೇಕು?

ಸಾಸ್ವೆಹಳ್ಳಿಯಲ್ಲಿ ಶಾಮಿಯಾನ, ಪರದೆ, ಎದೆ ನಡುಗಿಸುವ ಸ್ಪೀಕರು. ಸಿದ್ದೇಶ ಪೆನ್ ಡ್ರೈವ್ ಹಾಕಿದ. ಮೊದಲ ಪಂಕ್ತಿಯ ಜನ ಗೋಧಿ ಹುಗ್ಗಿ ಮುಂದಿಟ್ಟುಕೊಂಡೇ ತಲೆ ಎತ್ತಿ ನೋಡತೊಡಗಿದರು. ಅರಿಶಿನ ಶಾಸ್ತ್ರ ಬಂತು, ಮದುಮಕ್ಕಳಿಗೆ ನೀರೆರೆಯುವ ಸುರಿಗೆ ಶಾಸ್ತ್ರ ಬಂತು, "ಎಷ್ಟು ಚೆಂದ ಐತೆ!" ಅಂತ ಹೆಂಗಸರು ಅಂದರು. ನೇತ್ರಾವತಿಯ ಮುಖ ಅರಳಿತು. ನಾನು ಪಕ್ಕದವರಿಗೆ, "ವೋಲ್ಟೇಜು ನಂದೇ," ಅಂದೆ. ಅವರು ನನ್ನನ್ನು ಸ್ಪೀಕರ್ ಬಾಡಿಗೆಯವನು ಅಂದುಕೊಂಡು ಸದ್ದು ಕಮ್ಮಿ ಮಾಡಲು ಹೇಳಿದರು.

ತಾಳಿ ಕಟ್ಟುವ ಹೊತ್ತು ಬಂತು. ಮದುವೆ ಗಂಡಿನ ಹಿಂದೆ ಅವನ ಸೋದರಮಾವ ನಿಂತಿದ್ದರು. ನ್ಯಾಮತಿಯ ಹನುಮಂತಪ್ಪನವರು. ಕೆಂಪು ರುಮಾಲು, ದೊಡ್ಡ ಮೀಸೆ, ಲಗ್ನದುದ್ದಕ್ಕೂ ಯಾರೂ ಸರಿಯಾಗಿ ಮಾತಾಡಿಸಲಿಲ್ಲ ಅನ್ನುವ ಸಿಟ್ಟು ಮುಖದ ತುಂಬ. ಗಟ್ಟಿಮೇಳ ಮೊಳಗಿತು. ಅಷ್ಟೇ. ಮಾವನವರ ಮುಖ ಹಸಿರಾಯಿತು!

ಬರೀ ಹಸಿರಲ್ಲ. ರುಮಾಲು ಒಂದು ಕಡೆ ಇತ್ತು, ಹಣೆ ಇನ್ನೊಂದು ಕಡೆ ಜಾರಿತು. ಮೀಸೆ ಚೌಕಚೌಕವಾಗಿ ಒಡೆದು ಗಾಳಿಯಲ್ಲಿ ಅಕ್ಷತೆಯ ಜೊತೆ ತೇಲಿತು. ತಲೆಯ ಸುತ್ತ ನೇರಳೆ ಬಣ್ಣದ ಗೆರೆಗಳು ಕಿರಣದಂತೆ ಎದ್ದವು. ಮದುಮಕ್ಕಳು ಸರಿಯಾಗೇ ಇದ್ದರು. ಕಂಪ್ಯೂಟರಿಗೆ ಯಾವ ಜನ್ಮದ ಸೇಡೋ, ಕೆಡಿಸಲು ಅದು ಆರಿಸಿಕೊಂಡದ್ದು ಮಾವನವರನ್ನು ಮಾತ್ರ. ಮತ್ತೆ ಆರತಿಯಲ್ಲಿ ಹಸಿರಾದರು. ಉಡುಗೊರೆ ಕೊಡುವಾಗ ನಡುವಿನಿಂದ ಎರಡಾದರು.

ಶಾಮಿಯಾನದಲ್ಲಿ ಮೊದಲು ಯಾರೋ ಒಬ್ಬರು ಕಿಸಕ್ಕೆಂದರು. ಆಮೇಲೆ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಹುಗ್ಗಿ ನೆತ್ತಿಗೇರಿ ಕೆಮ್ಮಿದವರೆಷ್ಟೋ. ನಿಜವಾದ ಹನುಮಂತಪ್ಪನವರು ಎರಡನೇ ಪಂಕ್ತಿಗೆ ಕಾಯುತ್ತಾ ಪರದೆಯ ಮುಂದಿನ ಕುರ್ಚಿಯಲ್ಲೇ ಕೂತಿದ್ದರು. ಎದ್ದರು. ಟವೆಲ್ ಕೊಡವಿ ಹೆಗಲಿಗೆ ಹಾಕಿದರು. ಎಲೆಯ ಮುಂದೆ ಕೂರಲೇ ಇಲ್ಲ, ಸೀದಾ ಹೊರಟೇ ಹೋದರು. ಬೀಗರೂಟದಲ್ಲಿ ಸೋದರಮಾವ ಉಣ್ಣದೆ ಎದ್ದು ಹೋಗುವುದು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗಂಡಿನ ತಾಯಿ ಬಾಯಿಗೆ ಸೆರಗು ಇಟ್ಟುಕೊಂಡರು.

ಸಿದ್ದೇಶ ಕೆಂಡವಾಗಿ ಬಂದ. "ಏನಕ್ಕ ಇದು? ನೋಡ್ಲಿಲ್ವಾ ನೀವು?"

ಆಗ ನಾನು ಬಾಯಿ ಬಿಡಬೇಕಿತ್ತು. ಬೆಳಗಿಂದ ಕಂಡ ಕಂಡವರ ಮುಂದೆ ಬಿಡುತ್ತಿದ್ದ ಬಾಯಿ, ಬೇಕಾದ ಹೊತ್ತಿಗೆ ಹುಗ್ಗಿ ಅಂಟಿಕೊಂಡಂತೆ ಮುಚ್ಚಿಕೊಂಡಿತು. ನೇತ್ರಾವತಿ ನನ್ನ ಕಡೆ ನೋಡಲೂ ಇಲ್ಲ. "ನೋಡ್ಬೇಕಿತ್ತು ಸಿದ್ದೇಶಣ್ಣ. ತಪ್ಪು ನಂದೇ," ಅಂದಳು.

"ಸರಿ ಬಿಡಕ್ಕ. ಮುಂದಿನ ಕೆಲಸ ಇದ್ದಾಗ ನೋಡಣ," ಅಂದ ಸಿದ್ದೇಶ. 'ನೋಡಣ' ಅಂದರೆ ಏನರ್ಥ ಅಂತ ಆಫೀಸಿನಲ್ಲಿ ದಿನಾ ಅದನ್ನೇ ಹೇಳುವ ನನಗೆ ಗೊತ್ತಿಲ್ಲವೇ?

ವಾಪಸು ಬರುವಾಗ ಬೈಕಿನ ಹಿಂದೆ ಅವಳು ಇದ್ದಾಳೋ ಇಲ್ಲವೋ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಬೇಕಾಯಿತು, ಅಷ್ಟು ಮೌನ. ಮನೆಗೆ ಬಂದು ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿದಳು, ಟೇಬಲ್ ಫ್ಯಾನ್ ಎತ್ತಿ ಅವ್ವನ ಮಂಚದ ಹತ್ತಿರ ಇಟ್ಟಳು, ಅಡುಗೆಮನೆಗೆ ಹೋದಳು. ಬೈಯಲೇ ಇಲ್ಲ. ನಾನು ಎರಡು ಸಲ ಬೇಕಂತಲೇ ಒದ್ದೆ ಟವೆಲನ್ನು ಹಾಸಿಗೆ ಮೇಲೆ ಹಾಕಿದೆ. ಆಗಲೂ ಬೈಯಲಿಲ್ಲ! ಎತ್ತಿ ಒಣಹಾಕಿದಳು. ನನಗೆ ನಿಜವಾಗಿ ಹೆದರಿಕೆಯಾಯಿತು. ಅವಳು ಆ ಲಗ್ನವನ್ನು ಎಷ್ಟು ಕಷ್ಟಪಟ್ಟು ಕತ್ತರಿಸಿ ಜೋಡಿಸಿದ್ದಳು ಅಂತ ನಾನು ನೋಡಿದ್ದೆ. ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ಅದನ್ನೆಲ್ಲ ನಾನು ಲವಂಗದ ಪೇಸ್ಟಿನಲ್ಲಿ ಅದ್ದಿಬಿಟ್ಟಿದ್ದೆ.

ಮಾರನೇ ದಿನ ಆಫೀಸಿಗೆ ರಜೆ ಹಾಕಿ, ದಾವಣಗೆರೆಗೆ ಹೋಗಿ ಸರಿಯಾದ ಪೇಸ್ಟು ತಂದೆ. ಆ ಹುಡುಗನ ವಿಡಿಯೋವನ್ನು ಮತ್ತೆ ನೋಡಿದೆ. ಈ ಸಲ ಮಾಮೂಲಿ ಸ್ಪೀಡಿನಲ್ಲಿ. ಎಂಥ ಸಂಭಾವಿತ ಹುಡುಗ! ಪ್ರತಿ ಎರಡನೇ ಮಾತಿಗೂ 'ನಿಧಾನ, ನಿಧಾನ' ಅನ್ನುತ್ತಿದ್ದ. ಎರಡರಷ್ಟು ಸ್ಪೀಡಿನಲ್ಲಿ ಅದು ನನಗೆ ಕೆಮ್ಮಿನಂತೆ ಕೇಳಿಸಿತ್ತು. ವೋಲ್ಟೇಜು ಸಾಲದೆ ಜೋರಾಗಿ ಓಡಿದರೆ ಕಂಪ್ಯೂಟರು ಲೆಕ್ಕ ತಪ್ಪಿ ಚಿತ್ರ ಕೆಡಿಸುತ್ತದಂತೆ; ಅವ್ವನ ಗಡಿಯಾರದ ಮಾತೇ ಸರಿಯಾಗಿತ್ತು.

ಹಿತ್ತಲಲ್ಲಿ ಕೂತು ಬ್ರಶ್ಶಿನಿಂದ ಧೂಳು ಕೆರೆದೆ. ಒಣಗಿ ಬಿರುಕುಬಿಟ್ಟಿದ್ದ ಹಲ್ಲಿನ ಪೇಸ್ಟನ್ನು ಒರೆಸಿ ತೆಗೆದು ಹೊಸ ಪೇಸ್ಟು ಹಚ್ಚಿದೆ. ಬೋರ್ಡಿನ ಮೇಲೆ ಕೆಪಾಸಿಟರ್ ಅನ್ನುವ ಪುಟ್ಟ ಡಬ್ಬಿಗಳು ಕಾವಿಗೆ ಉಬ್ಬಿಲ್ಲ ತಾನೇ ಅಂತ ಟಾರ್ಚು ಬಿಟ್ಟು ನೋಡಿದೆ. ಮೊದಲು ಏನನ್ನೂ ಏರಿಸದೆ, ಇದ್ದ ಹಾಗೇ ಜೋರಾಗಿ ದುಡಿಸಿ ಕಾವು ಎಷ್ಟು ಏರುತ್ತದೆ ಅಂತ ತಿಳಿದುಕೊಂಡೆ. ಆಮೇಲೆ ವೇಗ ಒಂದು ಮೆಟ್ಟಿಲು. ಪರೀಕ್ಷೆ. ಇನ್ನೊಂದು ಮೆಟ್ಟಿಲು. ಪರೀಕ್ಷೆ. ಎಲ್ಲಿ ತಪ್ಪು ಲೆಕ್ಕ ಬಂತೋ ಅಲ್ಲಿ ವೋಲ್ಟೇಜನ್ನು ಸಾಸಿವೆಯಷ್ಟು ಏರಿಸಿದೆ, ಮತ್ತೆ ಪರೀಕ್ಷೆ. ಬಣ್ಣ ಹಳದಿಗೆ ತಿರುಗುವ ಮೊದಲೇ ಕೈ ತೆಗೆದೆ. ಕಾವು ಜಾಸ್ತಿ ಅನ್ನಿಸಿದ ಕೂಡಲೇ ಒಂದು ಮೆಟ್ಟಿಲು ಇಳಿದೆ. ಆಫೀಸಿನಿಂದ ಬಂದವನೇ ದಿನಾ ಇದೇ ಪಾರಾಯಣ. ಕೊನೆಗೆ ದಕ್ಕಿದ ವೇಗ ಎಷ್ಟು ಅಂತ ಕೇಳಬೇಡಿ. ನಾನು ಘೋಷಿಸಿದ್ದಕ್ಕೆ ಹೋಲಿಸಿದರೆ, ಎತ್ತು ಬಾಲ ಎತ್ತಿ ಇಳಿಸಿದಷ್ಟು! ಆದರೆ ಆ ಎತ್ತು ಮೂಟೆ ಹೊತ್ತು ನಡೆಯಿತು, ಮುಗ್ಗರಿಸಲಿಲ್ಲ.

ಅವಳಿಗೆ ಹೇಳದೆ ಲಗ್ನವನ್ನು ಮತ್ತೆ ಬೇಯಲು ಇಟ್ಟೆ. ಮುಗಿದ ಮೇಲೆ ಕರೆದೆ. "ಪೂರ್ತಿ ನೋಡು," ಅಂದೆ. ಅವಳು ಕೂತಳು. ಮೊದಲಿಂದ ಕೊನೆವರೆಗೆ, ಕಣ್ಣು ಮಿಟುಕಿಸದೆ ನೋಡಿದಳು. ಮಾವನವರ ಮೀಸೆ ಎಲ್ಲ ದೃಶ್ಯದಲ್ಲೂ ಮೂಗಿನ ಕೆಳಗೇ ಇತ್ತು.

"ನ್ಯಾಮತಿಗೆ ಹೋಗಣ," ಅಂದೆ. "ಹನುಮಂತಪ್ಪನೋರಿಗೆ ಇದನ್ನ ಕೊಟ್ಟು, ತಪ್ಪಾತು ಅಂತ ನಾನೇ ಹೇಳ್ತೀನಿ. ಸಿದ್ದೇಶನ್ನೂ ಕರ್ಕಳಣ. ಅವನ ಮುಂದೇನೇ ಹೇಳ್ತೀನಿ."

"ಬಾಯಿ ಬರ್ತೈತಾ ಅಲ್ಲಿ?"

"ಬರ್ತೈತೆ."

ಹೋದೆವು. ಹನುಮಂತಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. ರುಮಾಲು, ಮೀಸೆ ಎಲ್ಲ ಸ್ವಸ್ಥಾನದಲ್ಲಿ. ನಾನು ಚಪ್ಪಲಿ ಬಿಟ್ಟು ಕೈ ಮುಗಿದು, ಒಂದೇ ಉಸಿರಿಗೆ ಒದರಿದೆ: "ತಪ್ಪು ನಂದು ಯಜಮಾನ್ರೇ. ಇವಳದಲ್ಲ, ಈ ಸಿದ್ದೇಶಂದೂ ಅಲ್ಲ. ಕಂಪ್ಯೂಟರ್ ವೋಲ್ಟೇಜು ನಾನು ತಿರುವಿದ್ದು. ಇಕಳ್ರಿ, ಸರಿ ಮಾಡಿದ ವಿಡಿಯೋ. ಹಳೇದನ್ನ ಅಳಿಸಿ ಹಾಕಿಬಿಡ್ರಿ."

ಸಿದ್ದೇಶ ಬಾಯಿ ತೆರೆದು ನನ್ನನ್ನೇ ನೋಡಿದ. ನೇತ್ರಾವತಿ ನೆಲ ನೋಡುತ್ತಿದ್ದಳು, ಆದರೆ ಸೆರಗು ಸರಿಮಾಡಿಕೊಂಡ ರೀತಿಯಲ್ಲೇ ನನಗೆ ಸ್ವಲ್ಪ ಧೈರ್ಯ ಬಂತು.

ಹನುಮಂತಪ್ಪನವರು ಪೆನ್ ಡ್ರೈವ್ ಮುಟ್ಟಲಿಲ್ಲ. "ಅಳಿಸ್ಬೇಕಾ?" ಅಂದರು. "ಯಾಕ್ರೀ ಅಳಿಸ್ತೀರಿ?"

"ಅಲ್ಲ, ನಿಮ್ಮ ಮುಖ ಅದ್ರಾಗೆ..."

"ಕೂತ್ಕಳ್ರಿ. ಒಳಗೆ ಚಾ ಇಡಾಕೆ ಹೇಳ್ತೀನಿ. ಅವತ್ತು ನಾನು ಸಿಟ್ಟಾಗಿ ಬಂದಿದ್ದು ಖರೆ. ಮನೆಗೆ ಬರೋದ್ರಾಗೆ ಯಾರೋ ಪರದೆ ಮೇಲಿಂದನ್ನ ಹಿಡಿದು ಕಳಿಸಿ, ಎಲ್ಲರ ಮೊಬೈಲಿಗೂ ಅದು ಬಂದುಬಿಟ್ಟಿತ್ತು. ಸಂತೇಲಿ ಜನ ನಿಲ್ಲಿಸಿ ಮಾತಾಡಿಸ್ತಾರೆ ಈಗ. ನಮ್ಮ ಅಕ್ಕ ಇಲ್ಲಿಗೇ ಹುಗ್ಗಿ ತಂದು ಉಣ್ಸಿ ಹೋದ್ಲು. ಮೈಯಾಗಿಂದ ಬೆಳಕು ಬಂದಂಗೆ ಕಾಣ್ತೈತೆ ಅಂತಾರೆ ಜನ." ಮೀಸೆ ತಿರುವಿದರು. "ನೋಡ್ರಿ, ಈ ವಂಶದಾಗೆ ಎಷ್ಟು ಲಗ್ನ ಆದ್ವು, ಎಲ್ಲಾದ್ರಾಗೂ ನಾನು ಹಿಂದೆ ನಿಂತಿದೀನಿ. ಯಾವ ವಿಡಿಯೋದಾಗೂ ಒಬ್ಬರಾದ್ರೂ ನನ್ನ ನೋಡಿಲ್ಲ. ಈಗ ಮದುಮಕ್ಕಳನ್ನ ಬಿಟ್ಟು ನನ್ನೇ ನೋಡ್ತಾರೆ!"

ಒಳಗಿಂದ ಚಾ ಬಂತು.

"ಬರೋ ತಿಂಗಳು ನನ್ನ ಮಗಳು ಮೇಘಶ್ರೀ ಲಗ್ನ ಐತೆ," ಅವರು ಮುಂದುವರಿಸಿದರು. "ವಿಡಿಯೋ ಸಿದ್ದೇಶಂದೇ. ಎಡಿಟಿಂಗ್ ಈ ತಂಗೀದೇ. ಅದೇ ಗ್ರಾಫಿಕ್ಸ್ ಬೇಕು. ಗಂಡಿನ ಕಡೆಯೋರಿಗೂ ಒಂದೀಟು ಹಾಕಿ. ನನಗೆ ಮಾತ್ರ ಜಾಸ್ತಿ ಇರ್ಲಿ."

"ಆಗ್ಲಿ ಬಿಡ್ರಿ ಅಣ್ಣಾರೆ," ಅಂದಳು ನೇತ್ರಾವತಿ, ಒಂಚೂರೂ ತಡಬಡಾಯಿಸದೆ. "ಅದು ನಮ್ಮನೆಯೋರ ಸ್ಪೆಷಾಲಿಟಿ."

ಹೊರಗೆ ಬಂದ ಮೇಲೆ ಸಿದ್ದೇಶ, "ಅಕ್ಕ, ಚನ್ನಗಿರೀದೂ ಒಂದು ಐತೆ, ಕಳಿಸ್ತೀನಿ," ಅಂದ. ಬೈಕಿನ ಹಿಂದೆ ಕೂತ ನೇತ್ರಾವತಿ ಹೊನ್ನಾಳಿ ಬರುವವರೆಗೂ ನಗುತ್ತಲೇ ಇದ್ದಳು. ಕನ್ನಡಿ ನೋಡುವ ಅಗತ್ಯ ಬೀಳಲಿಲ್ಲ.

ಮೇಘಶ್ರೀಯ ಲಗ್ನ ಆಯಿತು. ಎಡಿಟಿಂಗ್ ಮುಗಿಯಿತು. ನೇತ್ರಾವತಿ ಕುರ್ಚಿ ಬಿಟ್ಟು ಎದ್ದು, ಸೆರಗಿನಿಂದ ಒರೆಸಿ, ನನಗೆ ತೋರಿಸಿದಳು. "ಬರ್ರಿ. ಕೂತ್ಕಳ್ರಿ. ಅವತ್ತು ಮಾಡಿದ್ರಲ್ಲ, ಹಂಗೇ ಮಾಡ್ರಿ."

ಮದುವೆಯಾದಾಗಿನಿಂದ ಅವಳು ಹೀಗೆ ಕೇಳಿದ್ದು ಇದೇ ಮೊದಲು! ಎದೆ ಉಬ್ಬಿಸಿ ಬಯೋಸ್ ಹೊಕ್ಕೆ. ವೇಗ ಏರಿಸಿದೆ, ವೋಲ್ಟೇಜು ಇಳಿಸಿದೆ. ರೆಂಡರ್ ಆಗಿ ಬಂತು: ಹನುಮಂತಪ್ಪನವರು ಮುತ್ತಿನ ಹಾಗೆ, ಒಂದು ಕೂದಲೂ ಕೊಂಕದೆ ನಿಂತಿದ್ದರು. ಇನ್ನೂ ಇಳಿಸಿದೆ. ಕಂಪ್ಯೂಟರು ಪೂರ್ತಿ ಮಲಗಿತು. ಬಿಲ್ಲೆ ತೆಗೆದು ಎಬ್ಬಿಸಿದೆ. ಎರಡರ ನಡುವೆ ಹಿಡಿದೆ. ಮತ್ತೆ ಮುತ್ತು! ಒಳ್ಳೆಯ ಪೇಸ್ಟು ತೆಗೆದು ಹಲ್ಲಿನ ಪೇಸ್ಟು ಹಚ್ಚಿದೆ. ಫ್ಯಾನಿನ ಗಾಳಿ ತಪ್ಪಿಸಿದೆ. ಹಿತ್ತಲಿನಿಂದ ಧೂಳು ತಂದು ಸುರಿಯಲೂ ಹೊರಟೆ, ಅವ್ವ ಬಾಗಿಲಲ್ಲೇ ತಡೆದಳು. ಒಂದೋ ಎಲ್ಲ ನೆಟ್ಟಗೆ, ಇಲ್ಲವೋ ಕಂಪ್ಯೂಟರೇ ಪೂರ್ತಿ ಬಂದ್. ಆ ಹಸಿರು, ಆ ನೇರಳೆ ಕಿರಣ, ಆ ತೇಲುವ ಮೀಸೆ? ಊಹೂಂ, ಎಷ್ಟು ಬೇಡಿಕೊಂಡರೂ ಬರಲಿಲ್ಲ.

ಅತ್ತ ಹನುಮಂತಪ್ಪನವರ ಫೋನು: "ನನ್ನ ಹಸಿರು ಮಾಡಿದ್ರಾ?"

ನಾನು ಬೆವರೊರೆಸಿಕೊಂಡು ಹೆಂಡತಿಯ ಕಡೆ ತಿರುಗಿದೆ. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು, ಪರದೆಯಲ್ಲಿ ಲಕ್ಷಣವಾಗಿ ನಿಂತಿದ್ದ ಸೋದರಮಾವನನ್ನೂ ಎದುರಿಗೆ ಕುಂತಿದ್ದ ನನ್ನನ್ನೂ ಮೇಲಿಂದ ಕೆಳಗೆ ನೋಡಿದಳು.

"ಅಲ್ರೀ," ಅಂದಳು, "ಸರಿ ಮಾಡಾಕೆ ಬರಲ್ಲ ಅಂತ ನಂಗೆ ಮೊದ್ಲಿಂದ್ಲೂ ಗೊತ್ತಿತ್ತು. ಒಂದು ಕೆಲಸ ನೆಟ್ಟಗೆ ಕೆಡಿಸಾಕೂ ಬರಲ್ವಲ್ರೀ ನಿಮಗೆ!"